ಮಂಗಳನಲ್ಲಿ ಮನೆ

ಮನುಷ್ಯನು ಸ್ವಭಾವತಃ ವಲಸೆಗಾರ. ಆಫ್ರಿಕಾದ ಬಯಲುಗಳಲ್ಲಿ ಮೊದಲ ಹೆಜ್ಜೆಯಿಟ್ಟ ಅವನ ಸಂತತಿ ಮರುಭೂಮಿಗಳನ್ನು ದಾಟಿತು. ಹಿಮದ ನಾಡುಗಳಲ್ಲಿ ತೊಗಲಿನ ಡೇರೆ ಹೂಡಿತು. ಪುಟ್ಟ ದೋಣಿಗಳನ್ನೇರಿ ಕಾಣದ ದ್ವೀಪಗಳನ್ನು ಅರಸುತ್ತ ಹೊರಟಿತು. ಹೊಸ ನೆಲಕ್ಕೆ ಹೋದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಸಿವು, ರೋಗ, ಕಾಡುಮೃಗಗಳ ಭಯ ಇವೆಲ್ಲವನ್ನೂ ಅವರು ಎದುರಿಸಬೇಕಾಯಿತು. ಆದರೆ ಅವರಲ್ಲಿ ಒಬ್ಬರಾದರೂ ಉಸಿರಾಡುವ ಗಾಳಿಯನ್ನು ಗಂಟುಕಟ್ಟಿಕೊಂಡು ಹೊರಡಲಿಲ್ಲ. ಅವರು ಎಲ್ಲಿಗೆ ಹೋದರೂ ಗಾಳಿ ಅಲ್ಲಿ ಅವರಿಗಿಂತ ಮೊದಲೇ ಇತ್ತು.

ಈಗ ಮಾನವನು ಮತ್ತೊಂದು ವಲಸೆಯ ಮಾತನಾಡುತ್ತಿದ್ದಾನೆ. ಭೂಮಿಯನ್ನು ಬಿಟ್ಟು ಬೇರೊಂದು ಗ್ರಹದಲ್ಲಿ ಊರು ಕಟ್ಟುವ ಮಾತು ಅದು. ಒಂದು ಕಾಲಕ್ಕೆ ಇದು ಕಥೆಗಾರರ ಕಲ್ಪನೆಯಾಗಿತ್ತು; ಇಂದು ವಿಜ್ಞಾನಿಗಳೂ ಯಂತ್ರಶಿಲ್ಪಿಗಳೂ ಇದನ್ನು ಲೆಕ್ಕ ಹಾಕಿ ಚರ್ಚಿಸುತ್ತಿದ್ದಾರೆ. ಇದು ಸಾಧ್ಯವೆ? ಸಾಧ್ಯವಾದರೆ ಯಾವ ಬೆಲೆಗೆ? ಭೂಮಿ ಕೆಟ್ಟರೆ ನಮಗೆ ಇನ್ನೊಂದು ಮನೆ ಇದೆಯೆಂದು ನಂಬಬಹುದೆ? ಈ ಪ್ರಶ್ನೆಗಳನ್ನು ಸಾವಧಾನವಾಗಿ ವಿಚಾರ ಮಾಡುವುದು ಅಗತ್ಯ.

ಮೊದಲನೆಯದಾಗಿ, ಹೋಗುವುದಾದರೂ ಎಲ್ಲಿಗೆ? ಬುಧಗ್ರಹವು ಸೂರ್ಯನಿಗೆ ಅತಿ ಸಮೀಪದಲ್ಲಿದೆ. ಅಲ್ಲಿ ಹಗಲು ಕುಲುಮೆ, ಇರುಳು ಕೊರೆಯುವ ಚಳಿ. ಶುಕ್ರಗ್ರಹವು ಗಾತ್ರದಲ್ಲಿ ಭೂಮಿಯ ಅವಳಿಯಂತಿದ್ದರೂ ಅದರ ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್. ಸೀಸವೂ ಕರಗಿ ಹರಿಯುವಷ್ಟು ಬಿಸಿ ಅದು. ಗುರು, ಶನಿ ಮೊದಲಾದ ದೈತ್ಯಗ್ರಹಗಳಲ್ಲಿ ಕಾಲೂರಲು ಗಟ್ಟಿ ನೆಲವೇ ಇಲ್ಲ. ಬೇರೆ ನಕ್ಷತ್ರಗಳ ಗ್ರಹಗಳ ಮಾತಂತೂ ದೂರ ಉಳಿಯಿತು; ನಮ್ಮ ಸೂರ್ಯನನ್ನು ಬಿಟ್ಟರೆ ಅತ್ಯಂತ ಹತ್ತಿರದ ನಕ್ಷತ್ರದ ಬೆಳಕು ನಮ್ಮನ್ನು ತಲುಪಲು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಹೀಗೆ ಒಂದೊಂದನ್ನೇ ತೆಗೆದುಹಾಕುತ್ತ ಬಂದರೆ ಕೊನೆಯಲ್ಲಿ ಉಳಿಯುವುದು ಒಂದೇ ಗ್ರಹ. ಅದು ಮಂಗಳ.

ಕೆಂಡದ ಬಣ್ಣದಿಂದ ಹೊಳೆಯುವ ಈ ಗ್ರಹವನ್ನು ನಮ್ಮ ಹಿರಿಯರು ಅಂಗಾರಕನೆಂದು ಕರೆದರು. ಅದರ ನೆಲದ ಧೂಳಿನಲ್ಲಿ ಬೆರೆತಿರುವ ಕಬ್ಬಿಣದ ತುಕ್ಕೇ ಈ ಬಣ್ಣಕ್ಕೆ ಕಾರಣವೆಂದು ಇಂದು ನಮಗೆ ತಿಳಿದಿದೆ. ಅದಕ್ಕೆ ಕುಜನೆಂಬ ಹೆಸರೂ ಉಂಟು. ‘ಕು’ ಎಂದರೆ ಭೂಮಿ. ಕುಜನೆಂದರೆ ಭೂಮಿಯಲ್ಲಿ ಹುಟ್ಟಿದವನು, ಭೂಮಿಯ ಮಗ. ಹೆಸರೇನೋ ಸೊಗಸಾಗಿದೆ. ಆದರೆ ಮಗನಿಗೆ ತಾಯಿಯ ಗುಣಗಳು ಎಷ್ಟರಮಟ್ಟಿಗೆ ಬಂದಿವೆ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಈ ಗ್ರಹದ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. 1877ರಲ್ಲಿ ಇಟಲಿಯ ಖಗೋಳಜ್ಞ ಶಿಯಾಪರೆಲ್ಲಿಯು ದೂರದರ್ಶಕದ ಮೂಲಕ ಮಂಗಳನನ್ನು ನೋಡಿ, ಅದರ ಮೇಲೆ ಉದ್ದನೆಯ ಗೆರೆಗಳಿವೆಯೆಂದು ತಿಳಿಸಿದನು. ಅವನು ಬಳಸಿದ ಇಟಾಲಿಯನ್ ಪದಕ್ಕೆ ಕಂದಕ, ಕೊರಕಲು ಎಂಬ ಅರ್ಥವೂ ಇತ್ತು. ಇಂಗ್ಲಿಷಿಗೆ ಬರುವ ಹೊತ್ತಿಗೆ ಅದು ತೋಡಿದ ಕಾಲುವೆಯಾಯಿತು. ಕಾಲುವೆ ಇದ್ದಮೇಲೆ ತೋಡಿದವರು ಇರಲೇಬೇಕಲ್ಲವೆ? ಅಮೆರಿಕದ ಪರ್ಸಿವಲ್ ಲೋವೆಲನು 1894ರಲ್ಲಿ ಒಂದು ವೀಕ್ಷಣಾಲಯವನ್ನೇ ಕಟ್ಟಿಸಿ, ಒಣಗುತ್ತಿರುವ ಗ್ರಹದ ಬುದ್ಧಿಶಾಲಿ ಜೀವಿಗಳು ಧ್ರುವಗಳ ಹಿಮವನ್ನು ಕರಗಿಸಿ ಹೊಲಗಳಿಗೆ ನೀರು ಹಾಯಿಸುತ್ತಿದ್ದಾರೆಂದು ಪುಸ್ತಕಗಳನ್ನು ಬರೆದನು. 1965ರ ಜುಲೈ ತಿಂಗಳಲ್ಲಿ ಮ್ಯಾರಿನರ್-4 ಎಂಬ ನೌಕೆ ಮಂಗಳನ ಹತ್ತಿರ ಹಾದುಹೋಗಿ ಚಿತ್ರಗಳನ್ನು ಕಳುಹಿಸಿದಾಗ ಈ ಕನಸು ಒಡೆಯಿತು. ಕಾಲುವೆ ಇರಲಿಲ್ಲ, ಹೊಲ ಇರಲಿಲ್ಲ. ಕಂಡುಬಂದದ್ದು ಚಂದ್ರನ ಮೇಲಿರುವಂತಹ ಕುಳಿಗಳು.

ಆದರೂ ಹೋಲಿಕೆಗಳು ಇಲ್ಲದಿಲ್ಲ. ಮಂಗಳನ ಒಂದು ದಿನ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷಗಳಷ್ಟೇ ದೀರ್ಘವಾದದ್ದು. ಅದರ ಅಕ್ಷವು ಭೂಮಿಯ ಅಕ್ಷದಂತೆಯೇ ಓರೆಯಾಗಿರುವುದರಿಂದ ಅಲ್ಲಿಯೂ ಋತುಗಳುಂಟು. ವರ್ಷವು 687 ದಿನಗಳಷ್ಟು ಉದ್ದವಾದ ಕಾರಣ ಒಂದೊಂದು ಋತುವೂ ಇಲ್ಲಿಗಿಂತ ದೀರ್ಘ. ವ್ಯಾಸದಲ್ಲಿ ಅದು ಭೂಮಿಯ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಆದರೆ ಸಮುದ್ರಗಳಿಲ್ಲದ ಕಾರಣ ಅದರ ಮೇಲ್ಮೈಯ ವಿಸ್ತಾರ ನಮ್ಮ ಎಲ್ಲ ಖಂಡಗಳ ನೆಲಕ್ಕೆ ಹೆಚ್ಚುಕಡಿಮೆ ಸಮ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ನೀರಿದೆ. ಧ್ರುವಗಳಲ್ಲಿಯೂ ನೆಲದ ಅಡಿಯಲ್ಲಿಯೂ ಅದು ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿ ಕುಳಿತಿದೆ. 2008ರಲ್ಲಿ ಫೀನಿಕ್ಸ್ ಎಂಬ ನೌಕೆ ತನ್ನ ಯಾಂತ್ರಿಕ ಕೈಯಿಂದ ಮಣ್ಣನ್ನು ಕೆದಕಿ ಈ ಮಂಜನ್ನು ಮುಟ್ಟಿ ನೋಡಿತು.

ಇನ್ನು ಭೇದಗಳ ಕಡೆಗೆ ಗಮನ ಹರಿಸೋಣ. ಮಂಗಳನ ವಾಯುಮಂಡಲವು ಅತ್ಯಂತ ತೆಳುವಾದದ್ದು. ಅದರ ಒತ್ತಡ ಭೂಮಿಯ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲ. ಆ ಅಲ್ಪ ಗಾಳಿಯಲ್ಲಿಯೂ ನೂರಕ್ಕೆ 95 ಭಾಗ ಇಂಗಾಲದ ಡೈಆಕ್ಸೈಡು. ಆಮ್ಲಜನಕ ನೂರರಲ್ಲಿ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ. ಅಷ್ಟು ಕಡಿಮೆ ಒತ್ತಡದಲ್ಲಿ ನಮ್ಮ ದೇಹದ ಬಿಸಿಯೇ ನೀರನ್ನು ಕುದಿಸಲು ಸಾಕು. ರಕ್ಷಾಕವಚವಿಲ್ಲದೆ ಹೊರಗೆ ಕಾಲಿಟ್ಟವನು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಸಮಭಾಜಕದ ಸಮೀಪದಲ್ಲಿ ಬೇಸಗೆಯ ನಡುಹಗಲು ಹಿತವಾಗಿರಬಹುದು. ಆದರೆ ಇಡೀ ಗ್ರಹದ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಸೂರ್ಯನಿಂದಲೂ ದೂರದ ನಕ್ಷತ್ರಲೋಕದಿಂದಲೂ ಬರುವ ವಿಕಿರಣವನ್ನು ಭೂಮಿಯ ಕಾಂತಕ್ಷೇತ್ರವೂ ದಪ್ಪನೆಯ ವಾಯುಮಂಡಲವೂ ತಡೆಹಿಡಿಯುತ್ತವೆ. ಮಂಗಳನಿಗೆ ಈ ಎರಡು ಛತ್ರಿಗಳೂ ಇಲ್ಲ. 2012ರಲ್ಲಿ ಅಲ್ಲಿ ಇಳಿದ ಕ್ಯೂರಿಯಾಸಿಟಿ ಎಂಬ ಸಂಚಾರಿ ಯಂತ್ರವು ಈ ವಿಕಿರಣವನ್ನು ಅಳೆದಿದೆ. ಭೂಮಿಯಲ್ಲಿ ನಿಸರ್ಗದಿಂದ ನಮಗೆ ಒಂದು ವರ್ಷದಲ್ಲಿ ತಗಲುವಷ್ಟು ವಿಕಿರಣ ಅಲ್ಲಿ ಸುಮಾರು ನಾಲ್ಕೇ ದಿನಗಳಲ್ಲಿ ತಗಲುತ್ತದೆ. ಆದಕಾರಣ ಮಂಗಳನಲ್ಲಿ ಮನೆ ಕಟ್ಟುವವರು ಗಾಜಿನ ಅರಮನೆಯನ್ನು ಕಟ್ಟಲಾರರು. ಮಣ್ಣಿನ ದಪ್ಪ ಹೊದಿಕೆಯ ಅಡಿಯಲ್ಲಿಯೋ ಗುಹೆಗಳಲ್ಲಿಯೋ ಬಿಲವಾಸಿಗಳಂತೆ ಬಾಳಬೇಕಾಗುತ್ತದೆ. ಆ ಮಣ್ಣು ಸಹ ನಮ್ಮ ಹೊಲದ ಮಣ್ಣಲ್ಲ. ಅದರಲ್ಲಿ ಪರ್ಕ್ಲೋರೇಟ್ ಎಂಬ ವಿಷಲವಣಗಳಿವೆ. ಅವುಗಳನ್ನು ತೊಳೆದು ತೆಗೆಯದೆ ಅದರಲ್ಲಿ ಬೆಳೆದುದನ್ನು ಉಣ್ಣುವಂತಿಲ್ಲ.

ಪ್ರಯಾಣವಾದರೂ ಸುಲಭವೆ? ಭೂಮಿಯೂ ಮಂಗಳವೂ ತಮ್ಮ ತಮ್ಮ ಕಕ್ಷೆಗಳಲ್ಲಿ ಓಡುತ್ತಿರುವುದರಿಂದ ಹೊರಡಲು ತಕ್ಕ ಮುಹೂರ್ತವು ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಒದಗುತ್ತದೆ. ಹೋಗಲು ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ಅಲ್ಲಿ ಮರುಮುಹೂರ್ತಕ್ಕಾಗಿ ಕಾದು ಹಿಂದಿರುಗುವ ಹೊತ್ತಿಗೆ ಎರಡೂವರೆ ಮೂರು ವರ್ಷಗಳು ಕಳೆದಿರುತ್ತವೆ. ಇದುವರೆಗೆ ಒಂದೇ ಯಾತ್ರೆಯಲ್ಲಿ ಅತಿ ದೀರ್ಘಕಾಲ ಅಂತರಿಕ್ಷದಲ್ಲಿದ್ದವನು ರಷ್ಯದ ವೈದ್ಯ ವಲೇರಿ ಪೊಲ್ಯಕೋವ್. 1994-95ರಲ್ಲಿ ಅವನು ಅಲ್ಲಿ ಕಳೆದದ್ದು 437 ದಿನಗಳು. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ಭಾರ ಹೊರುವ ಮೂಳೆಗಳು ತಿಂಗಳಿಗೆ ನೂರರಲ್ಲಿ ಒಂದು ಪಾಲಿನಂತೆ ಸವೆಯುತ್ತವೆ. ಮಂಗಳನಲ್ಲಿ ತೂಕವಿದೆ, ಆದರೆ ಇಲ್ಲಿ 50 ಕಿಲೋಗ್ರಾಂ ತೂಗುವವನು ಅಲ್ಲಿ 19 ಕಿಲೋಗ್ರಾಂ ತೂಗುತ್ತಾನೆ. ಆ ಸ್ಥಿತಿಯಲ್ಲಿ ಹುಟ್ಟಿ ಬೆಳೆಯುವ ಮಗುವಿನ ಮೂಳೆಯೂ ಹೃದಯವೂ ಹೇಗಿದ್ದಾವು ಎಂಬ ಪ್ರಶ್ನೆಗೆ ವಿಜ್ಞಾನವು ಇನ್ನೂ ಉತ್ತರ ಕಂಡಿಲ್ಲ. ಮಕ್ಕಳು ಬೆಳೆಯಲಾಗದ ಸ್ಥಳವನ್ನು ಬಿಡಾರವೆನ್ನಬಹುದೇ ಹೊರತು ಊರೆನ್ನಲಾಗದು.

ದೂರ ಎಂಥದೆಂಬುದರ ಅನುಭವ ನಮ್ಮ ದೇಶಕ್ಕೂ ಉಂಟು. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಅಂದು ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತ ವಿಜ್ಞಾನಿಗಳ ಆಜ್ಞೆ ನೌಕೆಯನ್ನು ತಲುಪಲು, ಬೆಳಕಿನ ವೇಗದಲ್ಲಿ ಸಾಗಿದರೂ, ಹನ್ನೆರಡು ನಿಮಿಷಗಳಿಗೂ ಹೆಚ್ಚು ಕಾಲ ಬೇಕಿತ್ತು. ಅದರ ಉತ್ತರ ಬರಲು ಮತ್ತೆ ಅಷ್ಟೇ ಕಾಲ. ಆದುದರಿಂದ ಸುಮಾರು ಮುನ್ನೂರು ದಿನ ಮಲಗಿದ್ದ ಎಂಜಿನನ್ನು ಎಬ್ಬಿಸಿ ಉರಿಸುವ ಕೆಲಸವನ್ನು ನೌಕೆಯೇ, ಮೊದಲೇ ತುಂಬಿಟ್ಟ ಆಜ್ಞೆಗಳಂತೆ, ತಾನಾಗಿ ನಿರ್ವಹಿಸಬೇಕಾಯಿತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ದೊಡ್ಡ ಆಂಟೆನಾ ಅದರ ಕ್ಷೀಣ ಧ್ವನಿಗೆ ಕಿವಿಗೊಟ್ಟಿತ್ತು. ಸುಮಾರು 450 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸಿದ್ಧವಾಗಿ, ಆರು ತಿಂಗಳ ಆಯುಷ್ಯಕ್ಕೆಂದು ಹೋದ ಈ ನೌಕೆ 2022ರವರೆಗೆ ಬಾಳಿತು. ಯಂತ್ರವು ಹೀಗೆ ಕಾಯಬಲ್ಲದು. ಆದರೆ ಮಂಗಳನಲ್ಲಿರುವ ಮನುಷ್ಯನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಬೇಕಾದರೆ, ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟರೆ, ಅವನ ಕೂಗಿಗೆ ಉತ್ತರ ಬರುವಷ್ಟರಲ್ಲಿ ಎಷ್ಟೋ ಆಗಿಹೋಗಿರುತ್ತದೆ.

ಇಷ್ಟಾದರೂ ಮಾನವನು ಕೈಕಟ್ಟಿ ಕುಳಿತಿಲ್ಲ. 2021ರ ಫೆಬ್ರವರಿಯಲ್ಲಿ ಮಂಗಳನಲ್ಲಿ ಇಳಿದ ಪರ್ಸೆವೆರೆನ್ಸ್ ಯಂತ್ರದೊಳಗೆ ಮಾಕ್ಸಿ ಎಂಬ ಪುಟ್ಟ ಉಪಕರಣವಿತ್ತು. ಅದು ಅಲ್ಲಿಯ ಗಾಳಿಯನ್ನೇ ಹೀರಿ, ಬಿಸಿಮಾಡಿ, ವಿದ್ಯುತ್ತಿನಿಂದ ಇಂಗಾಲದ ಡೈಆಕ್ಸೈಡನ್ನು ಒಡೆದು, ಆಮ್ಲಜನಕವನ್ನು ತಯಾರಿಸಿತು. ಇನ್ನೊಂದು ಗ್ರಹದ ಗಾಳಿಯಿಂದ ಮಾನವನು ಉಸಿರಾಡಬಹುದಾದ ಅನಿಲವನ್ನು ಪಡೆದದ್ದು ಅದೇ ಮೊದಲು. 2023ರವರೆಗೆ ಹದಿನಾರು ಸಲ ನಡೆದು ಅದು ಒಟ್ಟು 122 ಗ್ರಾಂ ಆಮ್ಲಜನಕವನ್ನು ನೀಡಿತು. ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಸುಮಾರು 840 ಗ್ರಾಂ ಬೇಕು. ಎಂದರೆ ಆ ಯಂತ್ರದ ಎರಡು ವರ್ಷಗಳ ದುಡಿಮೆ ಒಬ್ಬನ ಮೂರೂವರೆ ಗಂಟೆಗಳ ಉಸಿರು! ಸಾಧನೆ ದೊಡ್ಡದು, ಮುಂದಿರುವ ದಾರಿ ಅದಕ್ಕಿಂತ ದೊಡ್ಡದು.

ಗಾಳಿ, ನೀರು, ಅನ್ನ ಇವನ್ನೆಲ್ಲ ಮುಚ್ಚಿದ ಮನೆಯೊಳಗೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ತಿಳಿಯಲು ಮಂಗಳನವರೆಗೆ ಹೋಗಬೇಕಾಗಿಲ್ಲ. ಅಮೆರಿಕದ ಅರಿಜೋನದ ಮರುಭೂಮಿಯಲ್ಲಿ ಬಯೋಸ್ಫಿಯರ್-2 ಎಂಬ ವಿಚಿತ್ರ ಕಟ್ಟಡವಿದೆ. ಭೂಮಿಯೇ ಮೊದಲನೆಯ ಜೀವಗೋಳ. ಇದು ಎರಡನೆಯದು ಎಂಬುದು ಆ ಹೆಸರಿನ ಅಭಿಪ್ರಾಯ. ಮೂರು ಎಕರೆಗೂ ಹೆಚ್ಚು ವಿಸ್ತಾರದ ಈ ಗಾಜಿನ ಮನೆಯೊಳಗೆ ಒಂದು ಪುಟ್ಟ ಮಳೆಕಾಡು, ಒಂದು ಪುಟ್ಟ ಕಡಲು, ಜೌಗು, ಮರಳುಗಾಡು, ಹೊಲಗದ್ದೆ ಎಲ್ಲವನ್ನೂ ನಿರ್ಮಿಸಿದ್ದರು. 1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರೂ ನಾಲ್ವರು ಹೆಂಗಸರೂ ಒಳಹೊಕ್ಕು ಬಾಗಿಲನ್ನು ಮುಚ್ಚಿಕೊಂಡರು. ಎರಡು ವರ್ಷಗಳ ಕಾಲ ಹೊರಗಿನಿಂದ ಏನನ್ನೂ ಪಡೆಯದೆ ಬಾಳುವುದು ಅವರ ಸಂಕಲ್ಪ.

ಕೆಲವು ತಿಂಗಳುಗಳಲ್ಲಿಯೇ ಅವರಿಗೆ ಮೈಯಲ್ಲಿ ತ್ರಾಣವಿಲ್ಲವೆನಿಸತೊಡಗಿತು. ಗಾಳಿಯಲ್ಲಿ ನೂರಕ್ಕೆ 21 ಭಾಗ ಇರಬೇಕಾದ ಆಮ್ಲಜನಕ ಮೆಲ್ಲಮೆಲ್ಲನೆ ಇಳಿಯುತ್ತ, ಹದಿನಾರು ತಿಂಗಳುಗಳಲ್ಲಿ ಸುಮಾರು ಹದಿನಾಲ್ಕಕ್ಕೆ ಬಂದಿತು. ಸುಮಾರು ನಾಲ್ಕು ಸಾವಿರ ಮೀಟರ್ ಎತ್ತರದ ಪರ್ವತದ ಮೇಲೆ ಸಿಗುವಷ್ಟು ಉಸಿರು ಮಾತ್ರ ಅವರಿಗೆ ಉಳಿಯಿತು. ಆಮ್ಲಜನಕ ಎಲ್ಲಿ ಹೋಯಿತು? ಹುಡುಕಿ ನೋಡಿದಾಗ ಕಳ್ಳರು ಇಬ್ಬರೆಂದು ತಿಳಿಯಿತು. ಬೆಳೆ ಚೆನ್ನಾಗಿ ಬರಲೆಂದು ಹಾಕಿದ್ದ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿದ್ದವು. ಗಿಡಗಳು ಅದನ್ನು ಮತ್ತೆ ಆಮ್ಲಜನಕವಾಗಿ ಮಾರ್ಪಡಿಸುವ ಮೊದಲೇ ಕಟ್ಟಡದ ಕಾಂಕ್ರೀಟು ಅದನ್ನು ಹೀರಿಕೊಳ್ಳುತ್ತಿತ್ತು. ಇಂತಹದೊಂದು ಸಂಗತಿ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಈ ನಡುವೆ ಪರಾಗಸ್ಪರ್ಶ ಮಾಡುವ ಕೀಟಗಳು ಸತ್ತುಹೋದವು; ಇರುವೆಗಳೂ ಜಿರಲೆಗಳೂ ಹೆಚ್ಚಿದವು. ಎಂಟು ಮಂದಿ ನಾಲ್ಕು ನಾಲ್ಕರ ಎರಡು ಪಂಗಡಗಳಾಗಿ ಒಡೆದರು. ಆದರೂ ಅವರು ಪಟ್ಟುಬಿಡದೆ, ತಮ್ಮ ಆಹಾರದ ಹೆಚ್ಚಿನ ಪಾಲನ್ನು ತಾವೇ ಬೆಳೆದುಕೊಂಡು, ಎರಡು ವರ್ಷಗಳನ್ನು ಪೂರೈಸಿ ಹೊರಬಂದರು ಎಂಬುದು ಮೆಚ್ಚತಕ್ಕ ವಿಷಯ.

ಇದನ್ನು ಸೋಲೆಂದು ನಕ್ಕವರು ಬಹಳ. ಆದರೆ ಇದು ಅಮೂಲ್ಯವಾದ ಪಾಠ. ಇವರಿಗೆ ಬಿಸಿಲೂ ಗುರುತ್ವವೂ ಭೂಮಿಯವೇ; ವಿದ್ಯುತ್ತು ಹೊರಗಿನಿಂದ ಬರುತ್ತಿತ್ತು; ಉಸಿರು ಕಟ್ಟಿದರೆ ಬಾಗಿಲು ತೆರೆಯಬಹುದಿತ್ತು. ಅಷ್ಟೆಲ್ಲ ಅನುಕೂಲಗಳಿದ್ದೂ ಎಂಟು ಮಂದಿಗೆ ಸಾಲುವಷ್ಟು ಗಾಳಿಯನ್ನು ಎರಡು ವರ್ಷ ಕಾಪಾಡುವುದು ಕಷ್ಟವಾಯಿತು. ಮಂಗಳನಲ್ಲಿ ತೆರೆಯಲು ಅಂತಹ ಬಾಗಿಲಿಲ್ಲ. ಭೂಮಿಯಾದರೋ ಈ ಕೆಲಸವನ್ನು ನೂರಾರು ಕೋಟಿ ಜನರಿಗಾಗಿ, ಲೆಕ್ಕವಿಲ್ಲದಷ್ಟು ಪ್ರಾಣಿಪಕ್ಷಿಗಳಿಗಾಗಿ, ಸದ್ದಿಲ್ಲದೆ ಮಾಡುತ್ತ ಬಂದಿದೆ.

ಮಂಗಳನನ್ನೇ ಮಾರ್ಪಡಿಸಿ, ಅದರ ಮಂಜಿನಲ್ಲಿಯೂ ಮಣ್ಣಿನಲ್ಲಿಯೂ ಅಡಗಿರುವ ಇಂಗಾಲದ ಡೈಆಕ್ಸೈಡನ್ನು ಹೊರಡಿಸಿ, ಗಾಳಿಯನ್ನು ದಪ್ಪಗೊಳಿಸಬಾರದೇಕೆ ಎಂದು ಕೆಲವರು ಕೇಳುತ್ತಾರೆ. 2018ರಲ್ಲಿ ಜಕೋಸ್ಕಿ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು ಈ ಲೆಕ್ಕವನ್ನು ಮಾಡಿ, ಇಂದಿನ ತಂತ್ರಜ್ಞಾನದಿಂದ ಅದು ಸಾಧ್ಯವಿಲ್ಲವೆಂದು ತೋರಿಸಿದರು. ಆ ಅನಿಲದ ಬಹುಭಾಗವನ್ನು ಸೂರ್ಯನಿಂದ ಬೀಸುವ ಕಣಗಳ ಗಾಳಿ ಎಂದೋ ಬಾಚಿಕೊಂಡು ಹೋಗಿದೆ.

ಮಂಗಳನ ವಲಸೆಯ ಪರವಾಗಿ ಹೇಳುವ ಒಂದು ಬಲವಾದ ವಾದವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದೆರಗಿದ ಬಂಡೆಯೊಂದು ಡೈನೋಸಾರುಗಳ ಅಂತ್ಯಕ್ಕೆ ಕಾರಣವಾಯಿತು. ಅಂತಹ ಗಂಡಾಂತರ ಮತ್ತೆ ಬರಬಹುದು. ಯುದ್ಧದಿಂದಲೋ ಅವಿವೇಕದಿಂದಲೋ ಮಾನವನೇ ಭೂಮಿಯನ್ನು ಕೆಡಿಸಬಹುದು. ಆದುದರಿಂದ ಇನ್ನೊಂದು ಗ್ರಹದಲ್ಲಿ ಬೀಜವನ್ನು ಕಾದಿರಿಸುವುದು ಜಾಣತನವೆಂದು ಈ ವಾದದವರು ಹೇಳುತ್ತಾರೆ. ಮಾತು ತೆಗೆದುಹಾಕುವಂತಹದಲ್ಲ. ಆದರೆ ಬೀಜ ಉಳಿಯಬೇಕಾದರೆ ಅದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಔಷಧಿಗೂ ಯಂತ್ರದ ಬಿಡಿಭಾಗಕ್ಕೂ ಭೂಮಿಯ ಕಡೆಗೆ ಕೈಚಾಚುವ ಊರು, ಭೂಮಿ ಅಳಿದ ಮೇಲೆ ಎಷ್ಟು ದಿನ ಉಳಿದೀತು? ಸ್ವಂತ ಕಾಲ ಮೇಲೆ ನಿಲ್ಲುವ ಊರನ್ನು ಕಟ್ಟಲು ಎಷ್ಟೋ ತಲೆಮಾರುಗಳು ಬೇಕು. ಅಷ್ಟು ಕಾಲವೂ ಭೂಮಿಯು ಸುಸ್ಥಿತಿಯಲ್ಲಿದ್ದು ಅದನ್ನು ಪೋಷಿಸಬೇಕು. ಎಂದಮೇಲೆ ಮಂಗಳನಲ್ಲಿ ಮನೆ ಕಟ್ಟುವ ಮೊದಲನೆಯ ಷರತ್ತು ಭೂಮಿಯ ಮನೆಯನ್ನು ಜೋಪಾನ ಮಾಡುವುದೇ ಆಗಿದೆ.

ಅಂಟಾರ್ಕ್ಟಿಕಾ ಖಂಡದ ನಿದರ್ಶನವನ್ನು ನೋಡಿರಿ. 1983ರಲ್ಲಿ ಅಲ್ಲಿಯ ವಾಸ್ತೋಕ್ ಎಂಬಲ್ಲಿ ಸೊನ್ನೆಗಿಂತ 89.2 ಡಿಗ್ರಿ ಕೆಳಗಿನ ಚಳಿ ದಾಖಲಾಗಿತ್ತು. ಆದರೂ ಅಲ್ಲಿ ಯಥೇಚ್ಛವಾಗಿ ಗಾಳಿಯಿದೆ, ನೀರಿನ ಮಂಜಿದೆ, ಹಡಗೂ ವಿಮಾನವೂ ತಲುಪುತ್ತವೆ. ಮಂಗಳನಿಗೆ ಹೋಲಿಸಿದರೆ ಅದು ನಂದನವನ. ಭಾರತವೂ ಅಲ್ಲಿ 1989ರಿಂದ ‘ಮೈತ್ರಿ’ಯನ್ನೂ 2012ರಿಂದ ‘ಭಾರತಿ’ಯನ್ನೂ ನಡೆಸುತ್ತಿದೆ. ವಿಜ್ಞಾನಿಗಳು ಸರದಿಯಂತೆ ಹೋಗುತ್ತಾರೆ, ಕಲಿಯುತ್ತಾರೆ, ಹಿಂದಿರುಗುತ್ತಾರೆ. ಸಂಸಾರ ಹೂಡಲು ಅಲ್ಲಿಗೆ ಯಾರೂ ಹೋಗುವುದಿಲ್ಲ. ಮಂಗಳನಲ್ಲಿ ಮಾನವನ ನೆಲೆ ಮೊದಲಿಗೆ ಹೀಗೆಯೇ ಇರುವ ಸಂಭವ ಹೆಚ್ಚು. ಕೆಲವರು ಹೋಗುವರು, ನೆಲದ ಚರಿತ್ರೆಯನ್ನು ಓದುವರು, ಅಲ್ಲಿ ಎಂದಾದರೂ ಜೀವವಿತ್ತೆ ಎಂಬುದನ್ನು ಶೋಧಿಸುವರು, ಮನೆಗೆ ಬರುವರು.

ಅಂತಹ ಯಾತ್ರೆ ವ್ಯರ್ಥವೆಂದು ಹೇಳುವುದು ತಪ್ಪಾದೀತು. ಅದಕ್ಕಾಗಿ ಕಲಿಯುವ ಪ್ರತಿಯೊಂದು ವಿದ್ಯೆಯೂ ಇಲ್ಲಿಗೆ ಬೇಕಾದುದೇ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಬೆವರನ್ನೂ ಮೂತ್ರವನ್ನೂ ಶೋಧಿಸಿ, ಬಳಸಿದ ನೀರಿನಲ್ಲಿ ನೂರಕ್ಕೆ 98 ಭಾಗವನ್ನು ಮರಳಿ ಪಡೆಯಬಹುದೆಂದು 2023ರಲ್ಲಿ ತೋರಿಸಿಕೊಟ್ಟರು. ಕೆರೆಗಳು ಬತ್ತುತ್ತಿರುವ ನಾಡಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಬೇರೆ ಯಾವುದು? ಒಂದು ತೊಟ್ಟನ್ನೂ ಚೆಲ್ಲದಿರುವುದು, ಮುರಿದುದನ್ನು ಎಸೆಯದೆ ಸರಿಪಡಿಸುವುದು, ಮನಸ್ಸು ಕದಡಿದಾಗಲೂ ಜೊತೆಯವರೊಡನೆ ಹೊಂದಿಕೊಂಡು ದುಡಿಯುವುದು ಮಂಗಳನಿಗೆ ಹೋಗುವವರು ಕಲಿಯಲೇಬೇಕಾದ ವಿದ್ಯೆಗಳು.

ಈ ಪಾಠವನ್ನು ಓದುತ್ತಿರುವವರಲ್ಲಿ ಯಾರಾದರೂ ಮುಂದೊಂದು ದಿನ ಆ ಕೆಂಪು ನೆಲದ ಮೇಲೆ ನಡೆದಾರು. ನಡೆಯಲಿ, ಅದು ನಾಡಿಗೇ ಹೆಮ್ಮೆ. ಆದರೆ ಮನೆ ಬಿಟ್ಟು ಓಡಿಹೋಗುವವರಂತೆ ಅವರು ಹೋಗಬಾರದು. ತುಂಬಿದ ಮನೆಯಿಂದ ಬುತ್ತಿ ಕಟ್ಟಿಕೊಂಡು ಯಾತ್ರೆಗೆ ಹೊರಟವರಂತೆ ಹೋಗಬೇಕು. ಅಲ್ಲಿ ನಿಂತು ಸೂರ್ಯಾಸ್ತದ ಬಳಿಕ ಆಕಾಶವನ್ನು ದಿಟ್ಟಿಸಿದರೆ ಭೂಮಿಯು ಒಂದು ಚುಕ್ಕೆಯಾಗಿ ಕಾಣುತ್ತದೆ. ಗಾಳಿಯನ್ನು ಬಿಟ್ಟಿಯಾಗಿ ಕೊಡುವ ಊರು ಮಾನವನಿಗೆ ತಿಳಿದಿರುವಂತೆ ಆ ಚುಕ್ಕೆಯೊಂದೇ.

ಪದಗಳ ಅರ್ಥ

ಕುಲುಮೆ : ಕಮ್ಮಾರನ ಒಲೆ
ಅಂಗಾರ : ಕೆಂಡ
ವೀಕ್ಷಣಾಲಯ : ಆಕಾಶಕಾಯಗಳನ್ನು ನೋಡುವ ಸ್ಥಳ
ಸಮಭಾಜಕ : ಗ್ರಹವನ್ನು ಉತ್ತರ ದಕ್ಷಿಣಗಳಾಗಿ ಸರಿಪಾಲು ಮಾಡುವ ಕಲ್ಪಿತ ರೇಖೆ
ಬಿಡಾರ : ತಾತ್ಕಾಲಿಕ ವಸತಿ
ತ್ರಾಣ : ಶಕ್ತಿ
ಗಂಡಾಂತರ : ದೊಡ್ಡ ಅಪಾಯ
ಬುತ್ತಿ : ದಾರಿಯ ಊಟ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಮಂಗಳ ಗ್ರಹಕ್ಕೆ ಕುಜನೆಂಬ ಹೆಸರು ಹೇಗೆ ಬಂದಿತು?
2. ಮ್ಯಾರಿನರ್-4 ಕಳುಹಿಸಿದ ಚಿತ್ರಗಳಲ್ಲಿ ಏನು ಕಂಡುಬಂದಿತು?
3. ಮಾಕ್ಸಿ ಉಪಕರಣವು ಯಾವ ಕೆಲಸವನ್ನು ಮಾಡಿತು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿ.
1. ಭೂಮಿಗೂ ಮಂಗಳನಿಗೂ ಇರುವ ಹೋಲಿಕೆಗಳನ್ನು ವಿವರಿಸಿ.
2. ಬಯೋಸ್ಫಿಯರ್-2ರಲ್ಲಿ ಆಮ್ಲಜನಕವು ಕಡಿಮೆಯಾದುದಕ್ಕೆ ಕಾರಣಗಳೇನು?
3. ಅಂಟಾರ್ಕ್ಟಿಕಾದ ನಿದರ್ಶನದಿಂದ ಲೇಖಕರು ಏನನ್ನು ತಿಳಿಸಲು ಬಯಸುತ್ತಾರೆ?

ಇ. ಸಂದರ್ಭದೊಡನೆ ವಿವರಿಸಿ.
1. “ಮಂಗಳನಲ್ಲಿ ತೆರೆಯಲು ಅಂತಹ ಬಾಗಿಲಿಲ್ಲ.”
2. “ಮಕ್ಕಳು ಬೆಳೆಯಲಾಗದ ಸ್ಥಳವನ್ನು ಬಿಡಾರವೆನ್ನಬಹುದೇ ಹೊರತು ಊರೆನ್ನಲಾಗದು.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಮತ್ತೊಂದು, ಮನೆಯನ್ನು, ವೀಕ್ಷಣಾಲಯ, ಸೂರ್ಯಾಸ್ತ

ಉ. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.